ರಕ್ತದಾನ ಮತ್ತು ಹೆಪಟೈಟಿಸ್ ಬಿ: ದಾನಿಗಳೂ ಸಂಘಟಕರೂ ತಿಳಿದಿರಬೇಕಾದ ವಿಷಯಗಳು

ನಮ್ಮ ಧರ್ಮಕೇಂದ್ರಗಳಲ್ಲಿ ಐಸಿವೈಎಂ, ಕಥೊಲಿಕ್ ಸಭಾ ಮೊದಲಾದ ಸಂಘಟನೆಗಳು ರಕ್ತದಾನ ಶಿಬಿರಗಳನ್ನು ಏರ್ಪಡಿಸುತ್ತಾ ಬಂದಿವೆ. ಶಿಬಿರ ಮುಗಿದ ಕೆಲವು ದಿನಗಳಲ್ಲಿ ದಾನಿಯೊಬ್ಬರಿಗೆ ರಕ್ತನಿಧಿಯಿಂದ ಕರೆ ಬರುವುದುಂಟು: "ಒಮ್ಮೆ ಬಂದು ವೈದ್ಯರನ್ನು ಕಾಣಿ." ಅದುವರೆಗೆ ಆರೋಗ್ಯವಂತರಾಗಿದ್ದವರಲ್ಲಿ ಹೆಪಟೈಟಿಸ್ ಬಿ ಸೋಂಕು ಕಂಡುಬಂದಾಗ ಇಡೀ ಕುಟುಂಬ ಗಾಬರಿಗೊಳ್ಳುತ್ತದೆ. ಈ ಬಗ್ಗೆ ಅಗತ್ಯ ಮಾಹಿತಿಯನ್ನು ಇಲ್ಲಿ ನೀಡುತ್ತಿದ್ದೇವೆ.

ರೋಗ ಮತ್ತು ಹರಡುವ ಬಗೆ

ಇದು ಪಿತ್ತಜನಕಾಂಗಕ್ಕೆ (ಲಿವರ್) ತಗಲುವ ವೈರಸ್ ಸೋಂಕು. ಸೋಂಕಿತ ರಕ್ತ, ಶುದ್ಧೀಕರಿಸದ ಸೂಜಿ, ಹಂಚಿಕೊಂಡ ಬ್ಲೇಡ್, ಲೈಂಗಿಕ ಸಂಪರ್ಕದಿಂದಲೂ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೂ ಹರಡುತ್ತದೆ. ವಯಸ್ಕರಲ್ಲಿ ಹೆಚ್ಚಿನವರು ತಾವಾಗಿ ಗುಣಮುಖರಾಗುತ್ತಾರೆ. ಆದರೆ ಶೈಶವದಲ್ಲಿ ಸೋಂಕು ತಗಲಿದರೆ 10ರಲ್ಲಿ ಸುಮಾರು 9 ಮಂದಿಯಲ್ಲಿ ಅದು ದೀರ್ಘಕಾಲ ಉಳಿಯುತ್ತದೆ. ಕಣ್ಣು ಹಳದಿಯಾಗದೆ, ಯಾವ ತೊಂದರೆಯೂ ಕಾಣದೆ ವರ್ಷಗಳೇ ಕಳೆಯಬಹುದು. ಆದ್ದರಿಂದ ಸೋಂಕಿತರ ನಡತೆಯನ್ನು ಶಂಕಿಸುವುದು ಅಜ್ಞಾನವೂ ಹೌದು, ಅನ್ಯಾಯವೂ ಹೌದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 2 ಕೋಟಿ 98 ಲಕ್ಷ ಜನರಿಗೆ ಈ ಸೋಂಕಿತ್ತು.

ಪರೀಕ್ಷೆ ಮತ್ತು ಅದರ ಮಿತಿ

ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ದೇಶದಲ್ಲಿ ಹಣಕ್ಕಾಗಿ ರಕ್ತ ಕೊಡುವುದು ನಿಷೇಧವಾಯಿತು. ಸಂಗ್ರಹಿಸಿದ ಪ್ರತಿ ಯೂನಿಟ್ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾ ಬಗ್ಗೆ ಪರೀಕ್ಷಿಸುವುದು ಕಡ್ಡಾಯ.

ಆದರೂ ಹೊಸದಾಗಿ ಸೋಂಕು ತಗಲಿದವರ ರಕ್ತದಲ್ಲಿ ಸಾಮಾನ್ಯ ಪರೀಕ್ಷೆಗೆ ವೈರಸ್ ಸಿಗಲು ಒಂದು ತಿಂಗಳು ಅಥವಾ ಅದಕ್ಕೂ ಹೆಚ್ಚು ಬೇಕಾಗಬಹುದು. 'ನ್ಯಾಟ್' ಪರೀಕ್ಷೆ ಈ ಅವಧಿಯನ್ನು ಕಡಿಮೆ ಮಾಡುತ್ತದೆ, ಪೂರ್ತಿ ಇಲ್ಲವಾಗಿಸುವುದಿಲ್ಲ. ಅದು ಎಲ್ಲ ರಕ್ತನಿಧಿಗಳಲ್ಲೂ ಇಲ್ಲ. ಒಂದು ಯೂನಿಟ್ ರಕ್ತವನ್ನು ಬೇರ್ಪಡಿಸಿ ಎರಡು ಮೂರು ರೋಗಿಗಳಿಗೆ ಕೊಡಲಾಗುತ್ತದೆ. ಹೀಗಾಗಿ ಯಂತ್ರಕ್ಕೆ ಕಾಣದ್ದನ್ನು ತಡೆಯುವುದು ದಾನಿಯ ಪ್ರಾಮಾಣಿಕ ಉತ್ತರ ಮಾತ್ರ.

ದಾನಿಗಳು ಗಮನಿಸಬೇಕಾದುದು

- ಹಿಂದೆ ಕಾಮಾಲೆ ಬಂದಿದ್ದರೆ ವೈದ್ಯರಿಗೆ ತಿಳಿಸಿ. ಹೆಪಟೈಟಿಸ್ ಬಿ ಅಥವಾ ಸಿ ಇದ್ದವರು ರಕ್ತ ಕೊಡುವಂತಿಲ್ಲ.
- ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ಕಾಯಬೇಕು.
- ಮನೆಯಲ್ಲಿ ಯಾರಿಗಾದರೂ ಈ ಸೋಂಕಿದ್ದರೆ ಮುಚ್ಚಿಡಬೇಡಿ.
- ಸೋಂಕಿದೆಯೇ ಎಂದು ಉಚಿತವಾಗಿ ತಿಳಿಯುವ ಉದ್ದೇಶದಿಂದ ರಕ್ತ ಕೊಡಬೇಡಿ. ಸಂಶಯವಿದ್ದರೆ ಆಸ್ಪತ್ರೆಯಲ್ಲಿ ಪರೀಕ್ಷಿಸಿಕೊಳ್ಳಿ.

ಸಂಘಟಕರು ಗಮನಿಸಬೇಕಾದುದು

ವಾಳೆಗೆ ಇಷ್ಟು ಯೂನಿಟ್ ಎಂದು ಗುರಿ ನಿಗದಿಪಡಿಸಿ ಯಾರನ್ನೂ ಒತ್ತಾಯಿಸಬಾರದು. ನಾಲ್ಕು ಜನರ ಎದುರು ಹಿಂದೆ ಸರಿಯಲು ನಾಚಿ ಯುವಕನೊಬ್ಬ ಸುಳ್ಳು ಉತ್ತರ ಬರೆದರೆ ಅದರ ಫಲ ಉಣ್ಣುವವನು ರೋಗಿ. ಪ್ರಶ್ನೆಗಳಿಗೆ ಉತ್ತರಿಸಲು ಮರೆಯ ಜಾಗವಿರಲಿ. ಫಲಿತಾಂಶವು ದಾನಿ ಮತ್ತು ರಕ್ತನಿಧಿಯ ನಡುವಿನ ಗುಟ್ಟು. ಗುರಿಕಾರರಾಗಲಿ, ಗುರುಗಳಾದ ನಾವಾಗಲಿ ಅದನ್ನು ವಿಚಾರಿಸಬಾರದು.

ಸೋಂಕು ಕಂಡುಬಂದರೆ

ಮೊದಲ ಪರೀಕ್ಷೆಯೇ ಅಂತಿಮವಲ್ಲ. ವೈದ್ಯರ ಬಳಿ ಖಚಿತಪಡಿಸಿಕೊಳ್ಳಬೇಕು. ಎಲ್ಲರಿಗೂ ಔಷಧಿ ಬೇಕಾಗುವುದಿಲ್ಲ, ಆದರೆ ನಿಯಮಿತ ತಪಾಸಣೆ ಬೇಕು, ಮದ್ಯ ಬಿಡಬೇಕು. ನಾಟಿ ಮದ್ದನ್ನು ನಂಬಿ ತಪಾಸಣೆ ತಪ್ಪಿಸಬಾರದು. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಔಷಧಿ ಉಚಿತ. ಮನೆಯವರು ಪರೀಕ್ಷಿಸಿಕೊಂಡು ಲಸಿಕೆ ಪಡೆಯಬೇಕು. ನವಜಾತ ಶಿಶುವಿಗೆ 24 ಗಂಟೆಗಳೊಳಗೆ ಲಸಿಕೆ ಹಾಕಿಸಬೇಕು.

ಜತೆಯಲ್ಲಿ ಊಟ ಮಾಡುವುದರಿಂದ, ಕೈ ಕುಲುಕುವುದರಿಂದ, ಅಪ್ಪಿಕೊಳ್ಳುವುದರಿಂದ ಇದು ಹರಡುವುದಿಲ್ಲ. ಇನ್ನು ಮುಂದೆ ರಕ್ತ ಕೊಡಲಾಗದ ಸಹೋದರ ಸಹೋದರಿಯರು ಶಿಬಿರದ ಇತರ ಕೆಲಸಗಳಲ್ಲಿ ಮೊದಲಿನಂತೆಯೇ ನಮ್ಮೊಂದಿಗಿರಲಿ.