ಎರಡು ಪ್ರಭುತ್ವಗಳಿಗೂ ಮಣಿಯದ ಸಾಕ್ರಟೀಸ್

ಸಾಕ್ರಟೀಸನೆಂದೊಡನೆ ಕ್ರಿ.ಪೂ. 399ರ ವಿಷಪಾತ್ರೆ ನೆನಪಾಗುತ್ತದೆ. ಎಪ್ಪತ್ತರ ವಯಸ್ಸಿನ ಆ ಮರಣಕ್ಕೆ ಮೊದಲೇ ಅವನು ಎರಡು ಬಾರಿ ಪ್ರಾಣವನ್ನು ಪಣಕ್ಕೊಡ್ಡಿದ್ದನು.

ಕ್ರಿ.ಪೂ. 406ರಲ್ಲಿ ಅರ್ಗಿನೂಸೆಯ ನೌಕಾಯುದ್ಧವನ್ನು ಅಥೆನ್ಸ್ ಗೆದ್ದಿತು. ಆದರೆ ಒಡೆದ ಹಡಗುಗಳಲ್ಲಿದ್ದ ತನ್ನ ಯೋಧರನ್ನು ಬಿರುಗಾಳಿಯಲ್ಲಿ ರಕ್ಷಿಸಲಾಗಲಿಲ್ಲ. ಕೆರಳಿದ ಜನಸಭೆಯು ಎಂಟು ಮಂದಿ ಸೇನಾನಿಗಳಿಗೆ ಒಂದೇ ಮತದಾನದಿಂದ ಮರಣದಂಡನೆ ವಿಧಿಸಹೊರಟಿತು. ಪ್ರತಿಯೊಬ್ಬನನ್ನೂ ಪ್ರತ್ಯೇಕವಾಗಿ ವಿಚಾರಿಸದೆ ದಂಡಿಸುವುದು ನ್ಯಾಯಬಾಹಿರವಾಗಿತ್ತು. ಅಧ್ಯಕ್ಷಮಂಡಲಿಯ ಇತರರು ಬೆದರಿಕೆಗೆ ಮಣಿದರು, ಸಾಕ್ರಟೀಸನೊಬ್ಬನೇ ಒಪ್ಪಲಿಲ್ಲ. ಆದರೂ ಅಥೆನ್ಸಿನಲ್ಲಿದ್ದ ಆರು ಸೇನಾನಿಗಳು ಹತರಾದರು.

ಎರಡು ವರ್ಷಗಳ ಬಳಿಕ ಪ್ರಜಾಪ್ರಭುತ್ವವಳಿದು ಮೂವತ್ತು ನಿರಂಕುಶರ ಆಳ್ವಿಕೆ ಬಂದಿತು. ಲಿಯೋನ್ ಎಂಬ ನಿರಪರಾಧಿಯನ್ನು ಕೊಲ್ಲುವುದಕ್ಕಾಗಿ ಸಲಾಮಿಸಿನಿಂದ ಹಿಡಿದು ತರಲು ಐವರಿಗೆ ಆಜ್ಞೆಯಾಯಿತು. ನಾಲ್ವರು ಸಲಾಮಿಸಿಗೆ ಹೋದರು. ಐದನೆಯವನಾದ ಸಾಕ್ರಟೀಸನು ತನ್ನ ಮನೆಗೆ ಹೋದನು. ಅಷ್ಟರಲ್ಲೇ ಆ ಆಳ್ವಿಕೆ ಕುಸಿಯದಿದ್ದರೆ ಅದಕ್ಕಾಗಿ ಅವನು ಪ್ರಾಣ ತೆರಬೇಕಾಗುತ್ತಿತ್ತೇನೋ.

ಒಂದು ಬಹುಜನರ ಆಗ್ರಹ, ಇನ್ನೊಂದು ಕೆಲವರ ಆಜ್ಞೆ. ಅನ್ಯಾಯವು ಯಾರ ಬಾಯಿಂದ ಬಂದರೂ ಅವನಿಗೆ ಅನ್ಯಾಯವೇ. ಅವನ ನಿರಾಕರಣೆಯಿಂದ ಸೇನಾನಿಗಳೂ ಉಳಿಯಲಿಲ್ಲ, ಲಿಯೋನನೂ ಉಳಿಯಲಿಲ್ಲ. ಆ ಕೊಲೆಗಳಲ್ಲಿ ಅವನ ಕೈ ಮಾತ್ರ ಸೇರಲಿಲ್ಲ. ಕೊನೆಗೆ ಅವನಿಗೆ ವಿಷವನ್ನು ವಿಧಿಸಿದುದು ನಿರಂಕುಶರಲ್ಲ, ಮರಳಿ ಬಂದ ಪ್ರಜಾಪ್ರಭುತ್ವವೇ.