ಚೊಚ್ಚಲ ಹೆರಿಗೆ: ತವರಿನ ಕೋಣೆಯಿಂದ ಆಸ್ಪತ್ರೆಯ ಬಾಗಿಲಿಗೆ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಹೆರಲು ಕೋಣೆ ಸೇರಿದವಳು ಎದ್ದು ಹೊರಗೆ ಬಂದೇ ಬರುತ್ತಾಳೆಂಬ ಭರವಸೆ ಇಲ್ಲದಿದ್ದ ಕಾಲದಲ್ಲಿ, ಕಣ್ಣಾರೆ ಕಂಡವರು ಆಡಿದ ಮಾತು ಇದು. ಅದರಲ್ಲೂ ಚೊಚ್ಚಲ ಹೆರಿಗೆಯೆಂದರೆ ಎರಡು ಮನೆತನಗಳು ಜೀವ ಕೈಯಲ್ಲಿ ಹಿಡಿದು ಕಾಯುವ ಸಂಗತಿ. ಇಷ್ಟಾದರೂ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಅದಕ್ಕೆ ಸಿಕ್ಕಿರುವ ಜಾಗ ಬಹಳ ಕಡಿಮೆ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವನ್ನೇ ನೋಡಿ. ಬಂಜಾರ ಸಮುದಾಯದವರು ಇದನ್ನು ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬುತ್ತಾರೆ. 1739ರಲ್ಲಿ ಹುಟ್ಟಿದರೆಂದು ಹೇಳಲಾಗುವ ಆ ಸಂತರ ಜಯಂತಿಗೆ ಪ್ರತಿ ಫೆಬ್ರುವರಿಯಲ್ಲಿ ದೂರದೂರದ ತಾಂಡಾಗಳಿಂದ ಜನ ಹರಿದುಬರುತ್ತಾರೆ. ತಾಯಿ ಧರ್ಮಿಣಿಯ ಹೆಸರನ್ನೂ ಭಕ್ತಿಯಿಂದ ನೆನೆಯುತ್ತಾರೆ. ಆದರೆ ಆ ತಾಯಿ ಎಷ್ಟು ಹೊತ್ತು ಬೇನೆ ತಿಂದಳು, ಅವಳ ಸೊಂಟ ನೀವಿದವರು ಯಾರು ಎಂದು ಕೇಳುವವರಿಲ್ಲ. ದೊಡ್ಡವರ ಹುಟ್ಟಿನ ಕಥೆಯೇ ಹೀಗಾದರೆ ಸಾಮಾನ್ಯರ ಮನೆಯ ಹೆರಿಗೆಗಳ ಮಾತೇನು?

ಆದರೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಯಾವ ಊರಿಗೆ ಹೋದರೂ ಮೂರು ತಲೆಮಾರಿನ ಹೆಂಗಸರ ಬದುಕಿನಲ್ಲಿ ಈ ಚರಿತ್ರೆಯನ್ನು ಓದಬಹುದು. ಅಜ್ಜಿ ಹೆತ್ತದ್ದು ಮನೆಯಲ್ಲಿ. ಮಗಳು ಹೆತ್ತದ್ದು ಅರ್ಧ ಮನೆ, ಅರ್ಧ ಆಸ್ಪತ್ರೆ ಎಂಬ ಕಾಲದಲ್ಲಿ. ಮೊಮ್ಮಗಳು ಹೆರುವುದು ಆಸ್ಪತ್ರೆಯಲ್ಲಿ. ಇಷ್ಟು ದೊಡ್ಡ ಬದಲಾವಣೆಯಲ್ಲಿ ಹೆಣ್ಣು ಗಳಿಸಿದ್ದೇನು, ಕಳೆದುಕೊಂಡದ್ದೇನು?

ನಾಲ್ಕು ತಾಲ್ಲೂಕು, ಎರಡು ಸೀಮೆ

ಈ ನಾಲ್ಕೂ ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಪ್ರದೇಶಗಳು. ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಇವು ಒಂದೇ ಆಡಳಿತಕ್ಕೆ ಬಂದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಹೊನ್ನಾಳಿಗೆ ತುಂಗಭದ್ರೆಯಿದೆ, ಚನ್ನಗಿರಿಗೆ ಸೂಳೆಕೆರೆ ಮತ್ತು ಭದ್ರಾ ನಾಲೆಯಿದೆ. ಜಗಳೂರಿನದು ಮಳೆಯನ್ನೇ ನಂಬಿದ ಬಯಲು. ನೀರಿದ್ದ ಕಡೆ ರಸ್ತೆ, ಬಸ್ಸು, ದವಾಖಾನೆಗಳು ಬೇಗ ಬಂದವು. ಒಣ ಸೀಮೆಯಲ್ಲಿ ಇವೆಲ್ಲ ತಡವಾದವು. ಬೇನೆ ತಿನ್ನುವವಳಿಗೆ ಈ ವ್ಯತ್ಯಾಸ ಜೀವ ಉಳಿಯುವ, ಹೋಗುವ ವ್ಯತ್ಯಾಸವಾಗಿತ್ತು.

ಭಾಷೆಯಲ್ಲಿ ಉಳಿದ ನೆನಪು

ಹೆರಿಗೆಗೆ ಕನ್ನಡದ ಹಳೆಯ ಮಾತು ಸೂಲು. ರೈತರು ಇಂದಿಗೂ ಎಮ್ಮೆಯನ್ನು ಕೊಳ್ಳುವಾಗ ಎಷ್ಟನೆಯ ಸೂಲೆಂದು ವಿಚಾರಿಸುತ್ತಾರೆ. ಸೂಲು ಬಿಡಿಸುವವಳೇ ಸೂಲಗಿತ್ತಿ. ಹೆರಿಗೆಯ ನೋವಿಗೆ ಹಳ್ಳಿಯಲ್ಲಿ ಬೇನೆ ಎನ್ನುತ್ತಾರೆ. ಬಂದು ಬಂದು ಹೋಗುವುದು ಸುಳ್ಳು ಬೇನೆ, ಬಂದದ್ದು ನಿಲ್ಲದೆ ಬಿಗಿಯಾಗುತ್ತ ಹೋದರೆ ನಿಜ ಬೇನೆ. ವೈದ್ಯರು ಮಾಡುವ ವಿಂಗಡಣೆಯೂ ಹೆಚ್ಚುಕಡಿಮೆ ಇದೇ. ಹೊನ್ನಾಳಿ ಸೀಮೆಗೆ ಒತ್ತಿಕೊಂಡಿರುವ ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿ, ಅನುಭವಿಸದವರಿಗೆ ತಿಳಿಯದ ನೋವಿಗೆ ಹೋಲಿಕೆಯಾಗಿ ಆರಿಸಿಕೊಂಡದ್ದು ಈ ಬೇನೆಯನ್ನೇ. ಎಂಟುನೂರು ವರ್ಷಗಳ ಹಿಂದಿನ ವಚನದ ಆ ಪದ ಇಂದಿನ ಬಾಣಂತಿಯ ಬಾಯಲ್ಲೂ ಇದೆ.

ಮನೆಯ ಹೆರಿಗೆ

ಚೊಚ್ಚಲ ಬಸುರಿಗೆ ಕುಬುಸ ಮಾಡಿ ತವರಿಗೆ ಕಳಿಸುವುದು ಈ ಭಾಗದ ರೂಢಿ. ಇದರ ಹಿಂದೆ ಒಂದು ಸರಳ ತಿಳಿವಳಿಕೆಯಿದೆ. ಅತ್ತೆಯ ಮನೆಯಲ್ಲಿ ತಲೆಯೆತ್ತಿ ಮಾತಾಡದ ಹುಡುಗಿ ತವರಿನಲ್ಲಿ ಬಾಯಿಬಿಟ್ಟು ಅಳಬಲ್ಲಳು, ಹೆದರಿಕೆಯೆಂದು ಹೇಳಬಲ್ಲಳು, ಅಮ್ಮನ ಕೈ ಹಿಡಿಯಬಲ್ಲಳು.

ಬೇನೆ ಶುರುವಾದೊಡನೆ ಸೂಲಗಿತ್ತಿಗೆ ಹೇಳಿಕಳಿಸುತ್ತಿದ್ದರು. ಈಕೆ ಹೆಚ್ಚಾಗಿ ಊರಿನವರು ಕೀಳೆಂದು ದೂರವಿಟ್ಟ ಜಾತಿಯ ಹಿರಿಯ ಹೆಂಗಸು. ಕೂಸು ಹಿಡಿಯಲು ಬೇಕಾದ ಅದೇ ಕೈಯನ್ನು ಬೇರೆ ದಿನಗಳಲ್ಲಿ ಮುಟ್ಟಲು ಹಿಂಜರಿಯುತ್ತಿದ್ದ ಸಮಾಜ ನಮ್ಮದು. ಅವಳಿಗೆ ಸಲ್ಲುತ್ತಿದ್ದುದು ಒಂದಿಷ್ಟು ಕಾಳು, ಎಲೆ ಅಡಿಕೆ, ಉಳ್ಳವರ ಮನೆಯಾದರೆ ಒಂದು ಸೀರೆ.

ಕೋಣೆಯಲ್ಲಿ ಮಂದ ಬೆಳಕು, ಹಂಡೆಯಲ್ಲಿ ಬಿಸಿನೀರು, ಹಳೆಯ ಸೀರೆಯ ಬಟ್ಟೆಗಳು. ಸೂಲಗಿತ್ತಿ ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆಯೆಂದು ತಿಳಿಯುತ್ತಿದ್ದಳು. ಬಸುರಿಯನ್ನು ಓಡಾಡಿಸುತ್ತಿದ್ದಳು, ಸೊಂಟಕ್ಕೆ ಹರಳೆಣ್ಣೆ ನೀವಿ ಬಿಸಿನೀರು ಹಾಕುತ್ತಿದ್ದಳು. ಕೊನೆಯ ಗಳಿಗೆಯಲ್ಲಿ ಹಗ್ಗವನ್ನೋ ಕಂಬವನ್ನೋ ಹಿಡಿದು ಕುಕ್ಕರಗಾಲಿನಲ್ಲಿ ಕೂರಿಸುತ್ತಿದ್ದರು. ಹಿಂದಿನಿಂದ ಒಬ್ಬರು ತಬ್ಬಿ ಹಿಡಿಯುತ್ತಿದ್ದರು.

ಚೊಚ್ಚಲು ತಡವಾಗುತ್ತದೆ ಎಂಬುದು ಅವರಿಗೆಲ್ಲ ಗೊತ್ತಿತ್ತು. ಗರ್ಭಕೋಶದ ಬಾಯಿ ಪೂರ್ತಿ ತೆರೆಯುವುದೆಂದರೆ ಸುಮಾರು 10 ಸೆಂಟಿಮೀಟರ್ ಅಗಲವಾಗಬೇಕು. ಹಿಂದೆಂದೂ ಹಿಗ್ಗದ ಸ್ನಾಯುಗಳು ಮೊದಲ ಸಲ ಹಿಗ್ಗುವುದಕ್ಕೆ ಹನ್ನೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಎರಡನೆಯ ಹೆರಿಗೆಯಲ್ಲಿ ಈ ಕೆಲಸ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ. ಚೊಚ್ಚಲಿಗೆ ಕಷ್ಟವಿರುವುದು ನೋವಿನಲ್ಲಿ ಮಾತ್ರವಲ್ಲ; ಈ ನೋವಿಗೆ ಕೊನೆಯುಂಟೇ ಎಂಬುದು ಅವಳಿಗೆ ತಿಳಿಯದು. ಹೆತ್ತು ಗೊತ್ತಿದ್ದ ನಾಲ್ಕು ಹೆಂಗಸರು ಪಕ್ಕದಲ್ಲಿ ಕೂತು 'ಇನ್ನೇನು ಆಯ್ತವ್ವ' ಎನ್ನುತ್ತಿದ್ದುದು ಇದಕ್ಕಾಗಿಯೇ.

ಈ ವಿದ್ಯೆಗೆ ದೇಶವೇ ತಲೆಬಾಗಿದ ಉದಾಹರಣೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರದು. ಅಜ್ಜಿಯಿಂದ ಕಲಿತ ಅವರು, ಜಗಳೂರಿನಂತೆಯೇ ಬರಪೀಡಿತವಾದ ಆ ಸೀಮೆಯಲ್ಲಿ, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರೆಂಬ ಪ್ರಸಿದ್ಧಿಯಿದೆ. 2018ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು.

ಕೋಣೆಯ ಇನ್ನೊಂದು ಮುಖ

ಹಾಗೆಂದು ಹಳೆಯದೆಲ್ಲ ಹೊನ್ನಲ್ಲ. ಹೆರಿಗೆಯಾದ ಮೂರು ನಾಲ್ಕು ದಿನಗಳಲ್ಲಿ ಜ್ವರವೇರಿ, ಬಡಬಡಿಸಿ ಸಾಯುತ್ತಿದ್ದ ಬಾಣಂತಿಗೆ ಸನ್ನಿ ಹಿಡಿಯಿತೆನ್ನುತ್ತಿದ್ದರು. ಗಾಳಿ ಸೋಕಿತು, ದೃಷ್ಟಿ ತಾಗಿತು ಎಂದು ಕಾರಣ ಹುಡುಕುತ್ತಿದ್ದರು. ಅಂಥ ಅನೇಕ ಸಾವುಗಳ ನಿಜವಾದ ಕಾರಣ ನಂಜು. ಅದನ್ನು ಕೈಗಳೇ ಒಳಗೆ ಒಯ್ಯುತ್ತವೆಂಬ ಸಂಗತಿಯನ್ನು ವಿಯೆನ್ನಾದ ವೈದ್ಯ ಸೆಮೆಲ್ವೈಸ್ 1847ರಲ್ಲಿ ತೋರಿಸಿಕೊಟ್ಟ. ವೈದ್ಯರು ಕ್ಲೋರಿನ್ ನೀರಿನಲ್ಲಿ ಕೈ ತೊಳೆದೊಡನೆ ಅವನ ವಾರ್ಡಿನ ಸಾವುಗಳು ಇಳಿದವು. ಆದರೂ ಅಂದಿನ ದೊಡ್ಡ ವೈದ್ಯರೇ ಅವನನ್ನು ನಂಬಲಿಲ್ಲ. ಅಂದಮೇಲೆ ಅಜ್ಞಾನ ನಮ್ಮ ಸೂಲಗಿತ್ತಿಯ ಸ್ವತ್ತಷ್ಟೇ ಆಗಿರಲಿಲ್ಲ.

ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದು ಬೂದಿ ಮೆತ್ತಿದ ಕೂಸುಗಳು ಧನುರ್ವಾಯುವಿಗೆ ತುತ್ತಾಗುತ್ತಿದ್ದವು. ಮಾಸು ಬೀಳದೆ ರಕ್ತ ನಿಲ್ಲದಿದ್ದರೆ ಸೂಲಗಿತ್ತಿಯ ಕೈಯಲ್ಲಿ ಉಪಾಯವಿರಲಿಲ್ಲ. ಮಗು ಅಡ್ಡ ತಿರುಗಿದ್ದರೆ ಎತ್ತಿನ ಗಾಡಿ ಕಟ್ಟಬೇಕಾಗಿತ್ತು.

ಮೈಲಿಗೆಯೆಂಬ ಭಾವನೆಯೂ ಕಡಿಮೆ ಕ್ರೂರವಲ್ಲ. ಚಿತ್ರದುರ್ಗ, ತುಮಕೂರು ಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿ ಮತ್ತು ಕೂಸನ್ನು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಆಚರಣೆ ಈ ಶತಮಾನಕ್ಕೂ ನಡೆದುಬಂದಿದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ, ಮಳೆ ಚಳಿಯಲ್ಲಿ ಹೀಗೆ ಹೊರಗಿದ್ದ ಕೂಸೊಂದು ತೀರಿಹೋದಾಗ ರಾಜ್ಯವೇ ತಲೆತಗ್ಗಿಸಿತು.

ಆಸ್ಪತ್ರೆ ಬಂದ ಬಗೆ

ಮೈಸೂರು ಸಂಸ್ಥಾನದಲ್ಲಿ ಹೆಂಗಸರಿಗಾಗಿ ಕಟ್ಟಿದ ಹೆಸರಾಂತ ವಾಣಿವಿಲಾಸ ಆಸ್ಪತ್ರೆ ಬೆಂಗಳೂರಿನಲ್ಲಿ ತೆರೆದದ್ದು 1935ರಲ್ಲಿ. ಜಗಳೂರಿನ ಬಸುರಿಗೆ ಅದು ಬೇರೊಂದು ಲೋಕ. ಸ್ವಾತಂತ್ರ್ಯದ ನಂತರ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದವು, ಹಳ್ಳಿ ಹಳ್ಳಿ ತಿರುಗುವ ನರ್ಸಮ್ಮ ಬಂದಳು. ಸೂಲಗಿತ್ತಿಯರಿಗೆ ತರಬೇತಿ ಕೊಟ್ಟು ಸಾಬೂನು, ಹೊಸ ಬ್ಲೇಡು, ಶುದ್ಧ ದಾರ ಬಳಸಲು ಕಲಿಸಿದರು. 1965ರಲ್ಲಿ ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಕಷ್ಟದ ಹೆರಿಗೆಯೆಂದರೆ ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ಕಡೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೂ ದಾರಿಯಾಯಿತು.

ಆದರೂ 1992–93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ನೂರಕ್ಕೆ ಅರ್ಧಕ್ಕಿಂತ ಹೆಚ್ಚು ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದವು. ವೇಗ ಬಂದದ್ದು ಆಮೇಲೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಿಗೆ ಧನಸಹಾಯ ನೀಡತೊಡಗಿತು. ಆಶಾ ಕಾರ್ಯಕರ್ತೆಯರು ಬಂದರು. 2008ರಲ್ಲಿ 108 ಆಂಬುಲೆನ್ಸ್ ರಾಜ್ಯದ ರಸ್ತೆಗಿಳಿಯಿತು. ಎತ್ತಿನ ಗಾಡಿಯ ರಾತ್ರಿಗಳನ್ನು ಕೊನೆಗಾಣಿಸುವುದರಲ್ಲಿ ಅದರ ಪಾಲು ದೊಡ್ಡದು. 2019–21ರ ಸಮೀಕ್ಷೆಯಲ್ಲಿ ರಾಜ್ಯದ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗಿದ್ದವು. ಒಂದು ಲಕ್ಷ ಜೀವಂತ ಜನನಗಳಿಗೆ 2001–03ರಲ್ಲಿ 228ರಷ್ಟಿದ್ದ ಕರ್ನಾಟಕದ ತಾಯಂದಿರ ಮರಣ 2018–20ರಲ್ಲಿ 69ಕ್ಕೆ ಇಳಿಯಿತು. ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿವಾರಣೆಯಾಯಿತೆಂದು 2015ರಲ್ಲಿ ಘೋಷಣೆಯಾಯಿತು. ಈ ಅಂಕಿಗಳ ಹಿಂದೆ ಮನೆಗೆ ಮರಳಿದ ಸಾವಿರಾರು ತಾಯಂದಿರಿದ್ದಾರೆ.

ಬಾಗಿಲಾಚೆ ಉಳಿದವರು

ಗಳಿಕೆ ದೊಡ್ಡದು, ನಿಜ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಒಂದು ಅದಲುಬದಲೂ ನಡೆಯಿತು. ಬಸುರಿ ಒಳಗೆ ಹೋದಳು. ತವರಿನ ಅಮ್ಮ ಹೊರಗಿನ ಬೆಂಚಿನ ಮೇಲೆ ಕೂತಳು. ಚೊಚ್ಚಲ ಹುಡುಗಿ ಬದುಕಿನ ಅತಿ ದೊಡ್ಡ ನೋವನ್ನು ಅಪರಿಚಿತರ ನಡುವೆ, ಅಂಗಾತ ಮಲಗಿ, ಒಬ್ಬಳೇ ಎದುರಿಸಬೇಕಾಯಿತು. ಕೂಗಿದರೆ ಗದರಿಕೆ, ಕೆಲವು ಕಡೆ ಅಚ್ಚು ಹಾಕಲಾಗದಂಥ ಮಾತುಗಳು.

ಅಂಗಾತ ಮಲಗಿಸುವ ಕ್ರಮ ಸಹ ಪ್ರಕೃತಿಯ ನಿಯಮವಲ್ಲ. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಮೊರಿಸೋ ಎಂಬ ವೈದ್ಯ ಹಾಸಿಗೆಯ ಮೇಲೆ ಒರಗಿಸಿ ಹೆರಿಗೆ ಮಾಡಿಸುವುದನ್ನು ಪ್ರತಿಪಾದಿಸಿದ. ವೈದ್ಯರ ಕೈಗೆ ಅನುಕೂಲವಾದ ಆ ರೂಢಿ ಮುಂದೆ ಹಬ್ಬಿತು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಶಿಫಾರಸುಗಳು ಓಡಾಡಲು, ಬೇಕಾದ ಭಂಗಿಯಲ್ಲಿ ಹೆರಲು, ತನಗೆ ಬೇಕಾದವರನ್ನು ಪಕ್ಕದಲ್ಲಿ ಇರಿಸಿಕೊಳ್ಳಲು ತಾಯಿಗೆ ಅವಕಾಶವಿರಬೇಕೆನ್ನುತ್ತವೆ. ಸಂಗಾತಿ ಇದ್ದಾಗ ಬೇನೆಯ ಅವಧಿ ಕಡಿಮೆಯಾಗುತ್ತದೆ, ಶಸ್ತ್ರಚಿಕಿತ್ಸೆಯಿಲ್ಲದೆ ಹೆರುವ ಸಂಭವ ಹೆಚ್ಚುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಭಾರತದ ಆರೋಗ್ಯ ಸಚಿವಾಲಯವೂ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಒಬ್ಬ ಸಂಗಾತಿಯನ್ನು ಬಿಡಬಹುದೆಂದು 2016ರಲ್ಲೇ ಸೂಚಿಸಿದೆ. ಆಕೆ ಹೆಂಗಸಾಗಿರಬೇಕು, ಸಾಧ್ಯವಾದರೆ ಹೆತ್ತ ಅನುಭವವುಳ್ಳವಳಾಗಿರಬೇಕು. ತವರಿನ ಕೋಣೆಗೆ ಗೊತ್ತಿದ್ದ ವಿಷಯವೇ ಸುತ್ತುಬಳಸಿ ಸುತ್ತೋಲೆಯಾಗಿ ಬಂದಿತು. ಹಾಸಿಗೆಗಳ ನಡುವೆ ಪರದೆಯಿಲ್ಲದ, ಸಿಬ್ಬಂದಿ ಸಾಲದ ವಾರ್ಡುಗಳಲ್ಲಿ ಅದನ್ನು ಪಾಲಿಸುವುದು ಸುಲಭವಲ್ಲ ಎಂಬುದೂ ಸತ್ಯ.

ಆಸ್ಪತ್ರೆಗೆ ಕರೆತಂದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ. 2019–21ರ ಸಮೀಕ್ಷೆಯಂತೆ ರಾಜ್ಯದಲ್ಲಿ ನೂರಕ್ಕೆ 31ಕ್ಕೂ ಹೆಚ್ಚು ಹೆರಿಗೆಗಳು ಸಿಸೇರಿಯನ್. ಅವಶ್ಯವಿದ್ದಾಗ ಅದು ಪ್ರಾಣ ಉಳಿಸುತ್ತದೆ. ಚೊಚ್ಚಲಿಗೆ ಒಮ್ಮೆ ಹೊಟ್ಟೆ ಕೊಯ್ದರೆ ಮುಂದಿನ ಹೆರಿಗೆಗಳ ದಾರಿಯೂ ಬದಲಾಗುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ರಕ್ತನಾಳಕ್ಕೆ ಹಾಕುವ ದ್ರಾವಣದ ಗುಣಮಟ್ಟದ ಮೇಲೆ ಶಂಕೆ ಎದ್ದಿತು. ಮರುಹುಟ್ಟು ಎಂಬ ಮಾತು ಇನ್ನೂ ಹಳತಾಗಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಹಾಗಾದರೆ ಮನೆಯ ಹೆರಿಗೆಗೇ ಮರಳಬೇಕೆ? ಖಂಡಿತ ಬೇಡ. ರಕ್ತ, ಔಷಧಿ, ನುರಿತ ಕೈ ಇರುವಲ್ಲಿಯೇ ಮಗು ಹುಟ್ಟಬೇಕು. ಆದರೆ ಆ ಕೋಣೆಯಲ್ಲಿ ತವರಿನ ಒಬ್ಬ ಹೆಂಗಸಿಗೆ ಒಂದು ಸ್ಟೂಲು, ಮಂಚಗಳ ನಡುವೆ ಒಂದು ಪರದೆ, ನಡೆದಾಡಲು ನಾಲ್ಕು ಹೆಜ್ಜೆ ಜಾಗ ಇವಿಷ್ಟಕ್ಕೆ ಕೋಟಿಗಟ್ಟಲೆ ಹಣ ಬೇಡ. ಚನ್ನಗಿರಿಯಾಗಲಿ ಜಗಳೂರಾಗಲಿ, ಚೊಚ್ಚಲಿಗೆ ಬಂದ ಹುಡುಗಿ ಹೊರಗಿನ ಬೆಂಚಿನ ಕಡೆ ತಿರುಗಿ 'ಅವ್ವಾ' ಎಂದಾಗ ಆ ಅವ್ವ ಒಳಗೆ ಬರುವಂತಾಗಬೇಕು.