ಕಾಗಿಣಾ ದಂಡೆಯ ರಾಜಧಾನಿ

ಕಾರ್ತಿಕ ಮುಗಿಯುವ ಹೊತ್ತಿಗೆ ನಾವು ಕುರಕುಂಟಾದಿಂದ ಸೇಡಂ ದಾಟಿ ಮಳಖೇಡಕ್ಕೆ ಹೋದೆವು. ಹೊಲದಾಗ ತೊಗರಿ ಹೂ ಬಿಟ್ಟಿತ್ತು. ಮಳೆಗಾಲದ ರಾಡಿ ಇಳಿದು ಕಾಗಿಣಾ ತಿಳಿಯಾಗಿತ್ತು. ದಂಡೆಯ ಮೇಲೆ ಕೋಟೆ. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಕ್ರಿ.ಶ. 851ರ ಅರಬ್ಬಿ ಬರಹವೊಂದು ಇಲ್ಲಿಯ ದೊರೆಯನ್ನು ಜಗತ್ತಿನ ನಾಲ್ಕು ದೊಡ್ಡ ಅರಸರಲ್ಲಿ ಎಣಿಸಿದೆ.

ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ್ದು ಅಮೋಘವರ್ಷ ನೃಪತುಂಗ, ಅವನ ಆಸ್ಥಾನದ ಶ್ರೀವಿಜಯ, ಕವಿರಾಜಮಾರ್ಗ. ಈ ನಾಡಿನಲ್ಲಿ ಓದದವರೂ ಕಾವ್ಯದಲ್ಲಿ ನುರಿತವರು ಎಂದು ಆ ಗ್ರಂಥ ಹೇಳುತ್ತದೆ. ರಾಜ್ಯೋತ್ಸವ ಬಂತಂದ್ರ ಸಾಕು, ವೇದಿಕೆ ಮೇಲೆ ಅದೇ ಮಾತು. ಸರಿ, ಆ ಓದದವರು ಯಾರು? ಅವರ ಕೇರಿ ಎಲ್ಲಿತ್ತು? ಅವರಿಗೆ ಓದು ಯಾಕೆ ಸಿಗಲಿಲ್ಲ? ಇದನ್ನು ಕೇಳಿದವರು ಕಡಿಮೆ.

972ರಲ್ಲಿ ಪರಮಾರರ ಸೀಯಕ ಈ ಊರನ್ನು ಲೂಟಿ ಮಾಡಿದ. ಅಪಭ್ರಂಶದಲ್ಲಿ ಮಹಾಪುರಾಣ ಬರೆದ ಪುಷ್ಪದಂತ ಇಲ್ಲೇ ಇದ್ದವನು. ಊರು ಸುಟ್ಟಿತು, ಇನ್ನು ತಾನೆಲ್ಲಿ ನೆಲೆಸಲಿ ಎಂದು ಅವನು ಮರುಗಿದ ಪದ್ಯ ಉಳಿದಿದೆ. ಕವಿಯ ಸಂಕಟ ಸುಳ್ಳಲ್ಲ. ಆದರೆ ಗೋಡೆಗೆ ಕಲ್ಲು ಕಡಿದವರು, ತೊಗಲು ಹದ ಮಾಡಿದವರು, ಹೊಳೆಯಿಂದ ನೀರು ಹೊತ್ತವರು ಎತ್ತ ಹೋದರು? ಲೂಟಿಗೆ ಇಸವಿ ಅದ, ಇವರಿಗೆ ಹೆಸರೂ ಇಲ್ಲ.

ಕಲ್ಲಿನ ಕೆಲಸ ಈ ಸೀಮೆಯಲ್ಲಿ ಇಂದಿಗೂ ನಿಂತಿಲ್ಲ. ಶಹಾಬಾದದ ಹಾಸುಗಲ್ಲು ಊರೂರ ಮನೆಗಳಿಗೆ ನೆಲವಾಗಿದೆ, ಸುಣ್ಣಗಲ್ಲು ಸಿಮೆಂಟಾಗುತ್ತಿದೆ. ಕುರಕುಂಟಾದ ಸರಕಾರಿ ಸಿಮೆಂಟ್ ಕಾರ್ಖಾನೆ ಮಾತ್ರ ಮುಚ್ಚಿ ವರ್ಷಗಳಾದವು. ಅಲ್ಲಿ ದುಡಿದವರ ಹೆಸರು ಇನ್ನೂ ಅವರ ಮಕ್ಕಳ ಬಾಯಲ್ಲಿ ಅದ. ಸೇಡಂ, ಚಿತ್ತಾಪುರದ ಮಾಸ್ತರರೇ, ಹುಡುಗರ ಕೈಯಿಂದ ಅದನ್ನು ಬರೆಸಿರಿ. ಊರು, ಕೂಲಿ, ಕೆಮ್ಮು ಎಲ್ಲಾ ಸೇರಿಸಿ.